ಗಾಳಿ ಬಂದಾಗ ತೂರಿಕೋ

‘ಗಾಳಿ ಬಂದಾಗ ತೂರಿಕೋ’ ಎಂಬುದು ನಮ್ಮ ಹಿರಿಯರು ಬಿಟ್ಟುಹೋದ ಮಾತು. ಕಣದಲ್ಲಿ ತುಳಿಸಿದ ರಾಶಿಯಿಂದ ಕಾಳು ಬೇರೆ, ಹೊಟ್ಟು ಬೇರೆ ಆಗಬೇಕಾದರೆ ಗಾಳಿ ಬೀಸಬೇಕು. ಗಾಳಿ ಯಾರ ಅಪ್ಪಣೆಯನ್ನೂ ಕೇಳಿ ಬರುವುದಿಲ್ಲ. ಅದು ಬಂದ ಹೊತ್ತಿಗೆ ಮೊರ ಹಿಡಿದು ನಿಂತವನಿಗೆ ಕಾಳು ದಕ್ಕುತ್ತದೆ. ಇಂದು ನಾವು ಈ ಗಾದೆಯನ್ನು ಸಮಯಸಾಧಕರನ್ನು ಕುರಿತು ಹಾಸ್ಯವಾಗಿ ಬಳಸುತ್ತೇವೆ. ಆದರೆ ಅದರ ಮೂಲದಲ್ಲಿರುವುದು ಶಕ್ತಿಯ ಬಳಕೆಯ ಒಂದು ಸರಳ ಪಾಠ: ಪ್ರಕೃತಿ ಕೊಟ್ಟಾಗ ತೆಗೆದುಕೋ, ಬೇಕಾದಷ್ಟನ್ನೇ ತೆಗೆದುಕೋ, ಅದು ಕೊಡದಿದ್ದಾಗ ಕಾಯುವುದನ್ನು ಕಲಿ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಕೆಲವು ವರ್ಷ ಸೇವೆ ಸಲ್ಲಿಸಿದವನಾಗಿ ಈ ಗಾದೆಯನ್ನು ನಾನು ಅಲ್ಲಿಯ ಕಣಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಇಂದು ಅದೇ ಗಾಳಿ ಚಿತ್ರದುರ್ಗ ಜಿಲ್ಲೆಯ ಬೆಟ್ಟಗಳ ಮೇಲೆ ದೈತ್ಯ ರೆಕ್ಕೆಗಳನ್ನು ತಿರುಗಿಸುತ್ತಿದೆ. ಅದೇ ಬಿಸಿಲು ಸಾವಿರಾರು ಎಕರೆಯಲ್ಲಿ ಹಾಸಿದ ನೀಲಿ ಫಲಕಗಳ ಮೇಲೆ ಬಿದ್ದು ವಿದ್ಯುತ್ತಾಗುತ್ತಿದೆ. ಸಂತೋಷದ ಸಂಗತಿಯೇ ಸರಿ. ಆದರೂ ಒಂದು ಪ್ರಶ್ನೆ ಮನಸ್ಸನ್ನು ಬಿಡುವುದಿಲ್ಲ. ಈ ಹೊಸ ಗಾಳಿಯಲ್ಲಿ ತೂರಿಕೊಳ್ಳುತ್ತಿರುವವರು ಯಾರು? ಕಾಳು ಯಾರ ಮನೆಗೆ, ಹೊಟ್ಟು ಯಾರ ಕಣ್ಣಿಗೆ?

ಬರದ ನಾಡಿನ ಸಿರಿ

ಆ ಸೀಮೆಯನ್ನು ಕಾಣದವರಿಗೆ ಎರಡು ಮಾತು ಹೇಳಬೇಕು. ಪಶ್ಚಿಮಘಟ್ಟಗಳು ಮಳೆಯನ್ನೆಲ್ಲ ತಮ್ಮ ಮಡಿಲಿಗೆ ಸುರಿದುಕೊಂಡ ಮೇಲೆ ಉಳಿದ ಬರಿಮೋಡಗಳು ಹಾದುಹೋಗುವ ದಾರಿ ಅದು. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ. ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತಹ ಗುಡ್ಡಗಳು, ನಡುವೆ ಶೇಂಗಾ, ರಾಗಿ, ಜೋಳದ ಹೊಲಗಳು, ಹುಲ್ಲುಗಾವಲುಗಳು, ಕುರಿಮಂದೆಗಳು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅವುಗಳನ್ನು ಬೆಳಕಿಗೆ ತಂದರು. ಎರಡು ಸಾವಿರ ವರ್ಷಗಳಿಗೂ ಹಿಂದೆ ಆ ಬಂಡೆಗಳ ಮೇಲೆ ಕೊರೆಸಿದ ಉಪದೇಶದಲ್ಲಿ ತಂದೆತಾಯಿಗಳ ಸೇವೆ ಮತ್ತು ಸತ್ಯದ ಜೊತೆಗೆ ಜೀವಿಗಳ ಮೇಲಣ ದಯೆಯೂ ಸೇರಿದೆ. ಬರದ ನಾಡೆಂದು ನಾವು ಕರೆಯುವ ಈ ನೆಲಕ್ಕೆ ಇಷ್ಟು ಹಳೆಯ ಸಿರಿಯಿದೆ.

ಇಲ್ಲಿಯ ಜನರು ಶಕ್ತಿಯ ಬಳಕೆಯನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಬಿಸಿಲಿನಲ್ಲಿ ಶೇಂಗಾ ಒಣಗಿತು, ಗಾಳಿಯಲ್ಲಿ ರಾಗಿ ತೂರಿತು. ಎತ್ತು ಸುತ್ತಿದ ಗಾಣದಲ್ಲಿ ಎಣ್ಣೆ ಇಳಿಯಿತು. ಮುಂದೆ ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳು ಸಾಲುಗಟ್ಟಿ ನಿಂತು ಅದಕ್ಕೆ ‘ಎಣ್ಣೆ ನಗರ’ ಎಂಬ ಹೆಸರೇ ಬಂದಿತು. ಮೊಳಕಾಲ್ಮೂರಿನ ನೇಕಾರರು ಗುಣಿಮಗ್ಗದಲ್ಲಿ ಕುಳಿತು ಕೈಕಾಲುಗಳ ಬಲದಿಂದಲೇ ನೇಯ್ದ ರೇಷ್ಮೆ ಸೀರೆ ನಾಡಿನ ಮದುವೆಮನೆಗಳನ್ನು ತಲಪಿತು. ಕುರುಬರು ಕುರಿಯ ಉಣ್ಣೆಯಿಂದ ಕಂಬಳಿ ನೇಯ್ದರು. ಮ್ಯಾಸಬೇಡರ ಹಟ್ಟಿಗಳಲ್ಲಿ ಇಂದಿಗೂ ‘ದೇವರ ಎತ್ತು’ಗಳ ಹಿಂಡನ್ನು ಕಾಯುವ ಕಿಲಾರಿಗಳಿದ್ದಾರೆ. ಇವರೆಲ್ಲರ ಬದುಕಿಗೆ ಬೇಕಾಗಿದ್ದ ಶಕ್ತಿ ಬಿಸಿಲು, ಗಾಳಿ, ಹುಲ್ಲು ಮತ್ತು ಮೈಬೆವರು ಮಾತ್ರ. ಬಡತನವೂ ಇತ್ತು, ಹಸಿವೂ ಇತ್ತು. ಅದನ್ನು ಚಂದವೆಂದು ನಾನು ಹೇಳಲಾರೆ. ಆದರೆ ನಾಳಿನದನ್ನು ಇಂದೇ ತಿಂದುಬಿಡುವ ಬದುಕು ಅದಾಗಿರಲಿಲ್ಲ.

ರೆಕ್ಕೆ ತಿರುಗುವ ಬೆಟ್ಟಗಳು

ಆಷಾಢ ಬಂತೆಂದರೆ ಆ ಕಡೆ ಗಾಳಿಯದೇ ರಾಜ್ಯ. ಮಳೆ ತರಬೇಕಾದ ಮೋಡಗಳನ್ನು ಅದು ಓಡಿಸಿಕೊಂಡು ಹೋಗುತ್ತದೆ ಎಂದು ರೈತರು ಗೊಣಗುವುದುಂಟು. ಅದೇ ಗಾಳಿ ಇಂದು ಬೆಲೆಬಾಳುವ ವಸ್ತುವಾಗಿದೆ. ಚಿತ್ರದುರ್ಗದ ಬಳಿಯ ಜೋಗಿಮಟ್ಟಿ ದೇಶದಲ್ಲೇ ಬಿರುಗಾಳಿಗೆ ಹೆಸರಾದ ಸ್ಥಳಗಳಲ್ಲೊಂದು. ಕರ್ನಾಟಕದಲ್ಲಿ ಸ್ಥಾಪಿತವಾಗಿರುವ ಪವನವಿದ್ಯುತ್ತಿನ ಸಾಮರ್ಥ್ಯ ಇಂದು 6,000 ಮೆಗಾವ್ಯಾಟನ್ನು ದಾಟಿದೆ. ಅದರಲ್ಲಿ ಚಿತ್ರದುರ್ಗ ಜಿಲ್ಲೆಯ ಬೆಟ್ಟಸಾಲುಗಳ ಪಾಲು ದೊಡ್ಡದು.

ಗಾಳಿಯ ಲೆಕ್ಕ ವಿಚಿತ್ರವಾದುದು. ಅದರ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಆದುದರಿಂದಲೇ ಕಂಪನಿಗಳು ಬಯಲನ್ನು ಬಿಟ್ಟು ಬೆಟ್ಟದ ನೆತ್ತಿಯನ್ನು ಹುಡುಕುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದು ಸೌರಫಲಕಗಳು ಸೊರಗಿದಾಗ ಗಾಳಿಯಂತ್ರಗಳು ಭರದಿಂದ ತಿರುಗುತ್ತವೆ. ಮಾಘ, ಫಾಲ್ಗುಣಗಳಲ್ಲಿ ಗಾಳಿ ತಗ್ಗಿದಾಗ ಬಿಸಿಲು ಆ ಕೊರತೆಯನ್ನು ತುಂಬುತ್ತದೆ. ಅಣ್ಣ ದುಡಿಯದ ದಿನ ತಮ್ಮ ದುಡಿದು ಮನೆ ನಡೆಸಿದಂತೆ ಇವೆರಡೂ ಒಂದನ್ನೊಂದು ಪೊರೆಯುತ್ತವೆ. ಸೃಷ್ಟಿಯಲ್ಲಿ ಅಡಗಿರುವ ಈ ಹೊಂದಾಣಿಕೆಯನ್ನು ಕಂಡಾಗ ಕೃತಜ್ಞತೆ ತಾನಾಗಿಯೇ ಮೂಡುತ್ತದೆ.

ಕಲ್ಲಿದ್ದಲು ಸುಟ್ಟು ಗಾಳಿಯನ್ನು ಕೆಡಿಸುವುದಕ್ಕಿಂತ ಇದು ನೂರು ಪಾಲು ಮೇಲು. ಇದರಲ್ಲಿ ನನಗೆ ಸಂದೇಹವಿಲ್ಲ. ಆದರೆ ‘ವಿದ್ಯುತ್ತು ಎಲ್ಲಿಂದ ಬಂತು?’ ಎಂದು ಕೇಳಿ ಸುಮ್ಮನಾದರೆ ಅರ್ಧ ಪ್ರಶ್ನೆಯನ್ನಷ್ಟೇ ಕೇಳಿದಂತಾಗುತ್ತದೆ. ‘ಅದು ಯಾವುದಕ್ಕಾಗಿ ಹೋಯಿತು?’ ಎಂಬುದು ಉಳಿದರ್ಧ. ಆ ಉಳಿದರ್ಧವನ್ನು ನನಗೆ ಕಲಿಸಿದ್ದು ಹಿಮದ ನಾಡಿನ ಒಂದು ಹಳ್ಳಿ.

ಹಿಮವನ್ನೂ ತಯಾರಿಸುವ ಊರು

ಕೆಲವು ವರ್ಷಗಳ ಹಿಂದೆ ಚಳಿಗಾಲದಲ್ಲಿ ಮೂರು ವಾರಗಳ ಕಾಲ ಆಲ್ಪ್ಸ್ ಪರ್ವತದ ಒಂದು ಧರ್ಮಕೇಂದ್ರದಲ್ಲಿ ರಜೆಯ ಮೇಲೆ ಹೋದ ಗುರುಗಳ ಬದಲಿಗೆ ಬಲಿಪೂಜೆ ಅರ್ಪಿಸುವ ಅವಕಾಶ ನನಗೆ ಒದಗಿತ್ತು. ಊರಿನ ಜೀವನಾಧಾರವೇ ಸ್ಕೀಯಿಂಗ್ ಎಂಬ ಹಿಮಜಾರಾಟ. ಪ್ರವಾಸಿಗರು ಬಂದರೆ ಹೋಟೆಲು, ಅಂಗಡಿ, ಟ್ಯಾಕ್ಸಿ ಎಲ್ಲವೂ ನಡೆಯುತ್ತವೆ; ಬಾರದಿದ್ದರೆ ಇಲ್ಲ. ಮೊದಲ ರಾತ್ರಿ ಬೆಟ್ಟದ ಕಡೆಯಿಂದ ಬಿಡುವಿಲ್ಲದೆ ಭೋರ್ಗರೆಯುವ ಸದ್ದು ಕೇಳಿಬಂದಿತು. ಬೆಳಿಗ್ಗೆ ವಿಚಾರಿಸಿದಾಗ ಅದು ಹಿಮ ತಯಾರಿಸುವ ಯಂತ್ರಗಳ ಸದ್ದೆಂದು ತಿಳಿಯಿತು. ನೀರನ್ನು ಬೆಟ್ಟದ ಮೇಲಿನ ಕೊಳಗಳಿಗೆ ಪಂಪ್ ಮಾಡಿ ಸಂಗ್ರಹಿಸುತ್ತಾರೆ. ಶೀತ ಸಾಕಷ್ಟು ಇಳಿದ ರಾತ್ರಿಗಳಲ್ಲಿ ಅದನ್ನು ಒತ್ತಡದ ಗಾಳಿಯೊಂದಿಗೆ ಸಣ್ಣ ಹನಿಗಳಾಗಿ ಚಿಮ್ಮಿಸುತ್ತಾರೆ. ಹನಿ ನೆಲಕ್ಕೆ ಬೀಳುವುದರೊಳಗೆ ಹೆಪ್ಪುಗಟ್ಟಿ ಹಿಮವಾಗುತ್ತದೆ. ದೇವಾಲಯವನ್ನು ನೋಡಿಕೊಳ್ಳುತ್ತಿದ್ದ ವೃದ್ಧರು ನಗುತ್ತಾ ಹೇಳಿದರು: “ನನ್ನ ತಂದೆಯ ಕಾಲದಲ್ಲಿ ಹಿಮ ನಿಲ್ಲಲಿ ಎಂದು ಪ್ರಾರ್ಥಿಸುತ್ತಿದ್ದೆವು ಗುರುಗಳೇ, ಈಗ ಬೀಳಲಿ ಎಂದು ಪ್ರಾರ್ಥಿಸುತ್ತೇವೆ.”

ಭೂಮಿ ಬಿಸಿಯಾಗುತ್ತಿರುವುದರ ಪರಿಣಾಮ ಇದು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಹೆಚ್ಚುಕಡಿಮೆ ಪೂರ್ತಿಯಾಗಿ ತಯಾರಿಸಿದ ಹಿಮದ ಮೇಲೆಯೇ ನಡೆಯಿತು. ನಮ್ಮ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ 2025ರ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಹಿಮ ಸಾಲದೆ ಮಾರ್ಚ್ ತಿಂಗಳಿಗೆ ಮುಂದೂಡಬೇಕಾಯಿತು. ಹಿಮ ಕಡಿಮೆಯಾದಷ್ಟೂ ಯಂತ್ರ ಹೆಚ್ಚು, ಯಂತ್ರ ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚು. ಆ ವಿದ್ಯುತ್ತು ಕಲ್ಲಿದ್ದಲಿನದಾದರೆ ಬಿಸಿ ಮತ್ತಷ್ಟು ಹೆಚ್ಚು, ಹಿಮ ಮತ್ತಷ್ಟು ಕಡಿಮೆ.

ಇದನ್ನು ಅರಿತವರೂ ಅಲ್ಲಿದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜಿಮಿನಿ ಪೀಕ್ ಎಂಬ ಹಿಮವಿಹಾರಧಾಮವು 2007ರಲ್ಲಿ ತನ್ನದೇ ಬೆಟ್ಟದ ಮೇಲೆ 1.5 ಮೆಗಾವ್ಯಾಟಿನ ಗಾಳಿಯಂತ್ರವನ್ನು ನಿಲ್ಲಿಸಿಕೊಂಡಿತು. ಸ್ವಿಟ್ಜರ್ಲೆಂಡಿನ ಟೆನ್ನಾ ಎಂಬ ಪುಟ್ಟ ಹಳ್ಳಿ 2011ರಲ್ಲಿ ಜನರನ್ನು ಬೆಟ್ಟಕ್ಕೆ ಎಳೆದೊಯ್ಯುವ ಹಗ್ಗದ ದಾರಿಯ ಮೇಲೆಯೇ ಸೌರಫಲಕಗಳನ್ನು ತೂಗುಹಾಕಿತು. ಆ ಲಿಫ್ಟ್ ವರ್ಷದಲ್ಲಿ ತಾನು ತಿನ್ನುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ಉತ್ಪಾದಿಸುತ್ತದೆ. ಮೆಚ್ಚತಕ್ಕ ಕೆಲಸಗಳೇ. ಬಳಸುವವನೇ ತನ್ನ ಅಂಗಳದಲ್ಲಿ ತಯಾರಿಸಿಕೊಳ್ಳುತ್ತಾನೆ. ಅದರ ಭಾರವನ್ನು ದೂರದ ಹಳ್ಳಿಯ ಮೇಲೆ ಹೊರಿಸುವುದಿಲ್ಲ. ಆದರೂ ಬೀಳದ ಹಿಮವನ್ನು ಎಷ್ಟು ವರ್ಷ ತಯಾರಿಸುತ್ತಾ ಕೂರಬಹುದು? ಯಂತ್ರ ಶುದ್ಧವಾದರೂ ಆಸೆಗೆ ಮಿತಿ ಇರಬೇಡವೇ?

ನಮ್ಮ ಹಿಮ ಯಾವುದು?

ಇದನ್ನೆಲ್ಲ ಓದಿ ‘ಶ್ರೀಮಂತ ದೇಶಗಳ ಆಟ, ನಮಗೇನು?’ ಎಂದು ನೀವು ಕೇಳಬಹುದು. ಆದರೆ ಮೊಳಕಾಲ್ಮೂರಿನ ಬಯಲಿನಲ್ಲಿ ನಿಂತು ಯೋಚಿಸಿದಾಗ ನಮಗೂ ಅಂತಹುದೇ ಒಂದು ಕಥೆಯಿದೆ ಎಂಬುದು ನನಗೆ ಹೊಳೆಯಿತು. ಅಲ್ಲಿ ಹಿಮ ಬೀಳದೆಡೆ ಹಿಮ ತಯಾರಿಸುತ್ತಾರೆ. ಇಲ್ಲಿ ಮಳೆ ಬೀಳದೆಡೆ ನಾವು ಸಾವಿರ ಅಡಿಯಿಂದ ನೀರೆತ್ತಿ ಮಲೆನಾಡನ್ನು ಕಟ್ಟಹೊರಟಿದ್ದೇವೆ.

ಈಗ ಒಂದು ಸಣ್ಣ ಲೆಕ್ಕ. ಸಾವಿರ ಲೀಟರ್ ನೀರನ್ನು ಸಾವಿರ ಅಡಿ ಆಳದಿಂದ ಮೇಲೆತ್ತಲು ಕನಿಷ್ಠ 0.8 ಯೂನಿಟ್ ವಿದ್ಯುತ್ ಬೇಕು. ಇದು ಪ್ರಕೃತಿಯ ನಿಯಮ. ಮೋಟಾರು ಮತ್ತು ಪಂಪಿನಲ್ಲಿ ಆಗುವ ನಷ್ಟವನ್ನು ಸೇರಿಸಿದರೆ ಒಂದೂವರೆ ಯೂನಿಟ್ ಆದೀತು. ಅದೇ ನೀರು ಮೂವತ್ತು ಅಡಿಯ ತೆರೆದ ಬಾವಿಯಲ್ಲಿದ್ದರೆ ಅದರ ಮೂವತ್ತನೆಯ ಒಂದು ಪಾಲೂ ಬೇಕಾಗದು. ಬೇಸಿಗೆಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ ಇಪ್ಪತ್ತು ಲೀಟರಿನಂತೆ ಎಕರೆಯ ಐನೂರೈವತ್ತು ಮರಗಳಿಗೆ ಹನ್ನೊಂದು ಸಾವಿರ ಲೀಟರ್ ಬೇಕು. ಅಷ್ಟು ನೀರನ್ನು ಸಾವಿರ ಅಡಿಯಿಂದ ಎತ್ತಲು ದಿನಕ್ಕೆ ಸುಮಾರು ಹದಿನಾರು ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ತಿಂಗಳಿಗೆ ಗರಿಷ್ಠ ಮಿತಿಯಾಗಿರುವ 200 ಯೂನಿಟ್ ಈ ಒಂದು ಎಕರೆಯಲ್ಲಿ ಹದಿಮೂರು ದಿನಕ್ಕೆ ಮುಗಿಯುತ್ತದೆ. ಹತ್ತು ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ತು ಉಚಿತವಾದುದರಿಂದ ಈ ಲೆಕ್ಕ ರೈತನ ಕಣ್ಣಿಗೆ ಬೀಳುವುದಿಲ್ಲ. ಆದರೆ ಭೂಮಿ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಅಂತರ್ಜಲವನ್ನು ಅತಿಯಾಗಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿ ಚಳ್ಳಕೆರೆಯೂ ಸೇರಿದೆ.

ರೈತನನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಅವನ ಸಂಕಟವನ್ನು ಹತ್ತಿರದಿಂದ ಕಂಡಿದ್ದೇನೆ. ಒಮ್ಮೆ ನಮ್ಮ ವಿಶ್ವಾಸಿ ಕುಟುಂಬದ ಯಜಮಾನರೊಬ್ಬರು ಸಂಜೆ ಗುರುನಿವಾಸಕ್ಕೆ ಬಂದು, “ಫಾದರ್, ನಾಳೆ ಬೋರ್ ಕೊರೆಸ್ತಾ ಇದ್ದೀವಿ. ಮೂರು ಫೇಲಾಗೈತೆ. ಇದು ನಾಲ್ಕನೇದು. ತಾವು ಬಂದು ಒಂದು ಪ್ರಾರ್ಥನೆ ಮಾಡಿ ತೀರ್ಥ ಹಾಕಿಬಿಡಿ” ಎಂದು ಬೇಡಿಕೊಂಡರು. ಮರುದಿನ ಹೋದೆ. ತಮಿಳುನಾಡಿನ ರಿಗ್ ಲಾರಿ ಆಗಲೇ ಬಂದು ನಿಂತಿತ್ತು. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಜಾಗ ಗುರುತಿಸಿದವರೂ ಇದ್ದರು. ಯಜಮಾನರ ಹೆಂಡತಿಯ ಕೊರಳು ಬರಿದಾಗಿತ್ತು. ಒಡವೆ ಎಲ್ಲಿ ಹೋಯಿತೆಂದು ಕೇಳುವ ಅಗತ್ಯವಿರಲಿಲ್ಲ. ಪ್ರಾರ್ಥಿಸಿದೆ, ತೀರ್ಥ ಪ್ರೋಕ್ಷಿಸಿದೆ. ಇನ್ನೂರು ಅಡಿ, ನಾನೂರು ಅಡಿ, ಆರುನೂರು ಅಡಿ. ಬಿಳಿಯ ಕಲ್ಲುಪುಡಿ ಹೊಗೆಯಂತೆ ಏಳುತ್ತಲೇ ಇತ್ತು. ಪ್ರತಿ ಅಡಿಗೂ ಹಣ. ಯಾರೂ ಮಾತನಾಡುತ್ತಿರಲಿಲ್ಲ. ಏಳುನೂರು ಅಡಿ ದಾಟಿದ ಮೇಲೆ ಪುಡಿ ಒದ್ದೆಯಾಯಿತು, ನೀರು ಚಿಮ್ಮಿತು. ಯಜಮಾನರು ಅತ್ತುಬಿಟ್ಟರು.

ಅವರ ವೃದ್ಧ ತಾಯಿ ಮಾತ್ರ ಬೇವಿನ ಮರದ ಕೆಳಗೆ ಕುಳಿತೇ ಇದ್ದರು. “ಸಂತೋಷ ಆಯ್ತೇನಮ್ಮ?” ಎಂದು ಕೇಳಿದೆ. “ಆಯ್ತು ಸ್ವಾಮಿ. ನಾನು ಮದುವೆಯಾಗಿ ಬಂದಾಗ ಇದೇ ಹೊಲದಾಗೆ ಕಪಿಲೆ ಬಾವಿ ಇತ್ತು. ಎತ್ತು ಎಳೀತಿದ್ವು. ನೀರು ತಾನಾಗಿ ಕೆಳಗೆ ಹೋಗ್ಲಿಲ್ಲ, ನಾವೇ ಅಟ್ಟಿಸ್ಕೊಂಡು ಬಂದ್ವಿ” ಎಂದರು.

ಆ ನೀರು ಎರಡು ಬೇಸಿಗೆ ಬಾಳಿತು. ಮೂರನೆಯ ಬೇಸಿಗೆಗೆ ತೋಟ ಒಣಗಿತು, ಹಿರಿಯ ಮಗ ಬೆಂಗಳೂರಿಗೆ ಹೋಗಿ ಚಾಲಕನಾದ, ಸಾಲ ಮಾತ್ರ ಊರಿನಲ್ಲಿ ಉಳಿಯಿತು. ಅನಂತರ ಆ ಮನೆಯವರು ಹೊಲದ ತಗ್ಗಿನಲ್ಲಿ ಕೃಷಿಹೊಂಡ ತೋಡಿಸಿ ರಾಗಿ, ಶೇಂಗಾಕ್ಕೆ ಮರಳಿದರು. ಇಂದು ಅವರು ಶ್ರೀಮಂತರಲ್ಲ, ಆದರೆ ಐದನೆಯ ಬೋರನ್ನು ಕೊರೆಸಲಿಲ್ಲ. ಸೌರ ಪಂಪನ್ನೇ ಇಳಿಸಿದ್ದರೂ ಆ ಏಳುನೂರು ಅಡಿಯ ನೀರು ಉಳಿಯುತ್ತಿರಲಿಲ್ಲ. ಬರಿದಾಗುವುದು ಇನ್ನೂ ಸುಲಭವಾಗುತ್ತಿತ್ತು. ಬಿಸಿಲು ಎಂದಿಗೂ ಮುಗಿಯದ ನಿಧಿ. ನೀರು ಹಾಗಲ್ಲ. ಮುಗಿಯದ ಶಕ್ತಿಯಿಂದ ಮುಗಿಯುವ ನೀರನ್ನು ಎತ್ತುವಾಗ ಮಿತಿಯನ್ನು ನಾವೇ ಹಾಕಿಕೊಳ್ಳಬೇಕು.

ಕಾವಲೋ, ಬಂಜರೋ?

ಇನ್ನು ನೆಲದ ಮಾತು. ಸರ್ಕಾರದ ಕಾಗದಗಳಲ್ಲಿ ‘ಬಂಜರು’ ಎಂಬ ಒಂದು ಪದವಿದೆ. ಮರವಿಲ್ಲದ, ಬೆಳೆಯಿಲ್ಲದ ನೆಲವೆಲ್ಲ ಬಂಜರು, ಆದುದರಿಂದ ಯಾವುದಕ್ಕೆ ಬೇಕಾದರೂ ಕೊಡಬಹುದು ಎಂಬ ಭಾವನೆ ಆ ಪದದ ಬೆನ್ನಿಗೇ ಬರುತ್ತದೆ. ಆದರೆ ಚಳ್ಳಕೆರೆಯ ಜನ ಅದೇ ನೆಲವನ್ನು ‘ಕಾವಲು’ ಎಂದು ಕರೆದರು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳಿಗಾಗಿ ಕಾಯ್ದಿರಿಸಿದ ಹುಲ್ಲುಗಾವಲುಗಳವು. ರಾಸುಗಳ ಹಿಂದೆ ಕುರಿ, ಕುರಿಯ ಹಿಂದೆ ಕಂಬಳಿ, ಹುಲ್ಲಿನ ನಡುವೆ ಕೃಷ್ಣಮೃಗ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು. ಕಾವಲು ಎಂದರೆ ಕಾಯುವುದು. ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ಸಾಗುವಳಿ ಮಾಡುವುದಕ್ಕೆ ಮಾತ್ರವಲ್ಲ, ಕಾಯುವುದಕ್ಕೂ ಎಂಬ ಆದಿಕಾಂಡದ ಚಿಂತನೆ ನನಗೆ ಈ ಕನ್ನಡ ಪದದಲ್ಲಿ ಎಷ್ಟು ಚೆನ್ನಾಗಿ ಅರ್ಥವಾಯಿತೋ ಗುರುಮಠದ ತರಗತಿಗಳಲ್ಲಿ ಅಷ್ಟು ಅರ್ಥವಾಗಿರಲಿಲ್ಲ.

2007ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಕುದಾಪುರ, ವರವು, ಉಳ್ಳಾರ್ತಿಗಳ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗೆ ನೀಡಲಾಯಿತು. ಸೌರವಿದ್ಯುತ್ ಯೋಜನೆಗೂ ಅದರಲ್ಲಿ ಪಾಲು ದೊರೆಯಿತು. ದೇಶಕ್ಕೆ ವಿಜ್ಞಾನ ಬೇಕು. 2023 ಮತ್ತು 2024ರಲ್ಲಿ ಇಸ್ರೋದ ಮರುಬಳಕೆಯ ರೆಕ್ಕೆವಾಹನ ಇದೇ ಚಳ್ಳಕೆರೆಯ ನೆಲದ ಮೇಲೆ ತಾನಾಗಿ ಇಳಿದಾಗ ನಾನೂ ಹೆಮ್ಮೆಪಟ್ಟವನೇ. ಆದರೆ ಗೋಡೆ ಎದ್ದಾಗ ಕುರಿಗಾಹಿಗಳು ಗೋಡೆಯ ಹೊರಗೆ ಉಳಿದರು. ಅವರ ಅಳಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಬಂಜರೆಂದು ಬರೆದವರಿಗೆ ಕಾಣದಿದ್ದ ಬದುಕೊಂದು ಅಲ್ಲಿತ್ತು ಎಂಬುದಕ್ಕೆ ಆ ಹೋರಾಟವೇ ಸಾಕ್ಷಿ.

ನೆರೆಯ ಪಾವಗಡದ ಕಥೆ ಬೇರೆಯ ಬಗೆಯದು. ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನ ಹಾಸಿಕೊಂಡಿದೆ. 2018ರಲ್ಲಿ ಮೊದಲ ಹಂತ ಆರಂಭವಾಯಿತು, 2019ರ ಕೊನೆಗೆ ಪೂರ್ಣಗೊಂಡಿತು. ಇಲ್ಲಿ ಭೂಮಿಯನ್ನು ಕಸಿದುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು, ಒಡೆತನ ರೈತನಲ್ಲೇ ಉಳಿಯಿತು. ಮಳೆಯನ್ನು ನಂಬಿ ಕೆಟ್ಟಿದ್ದ ಎಷ್ಟೋ ಮನೆಗಳಿಗೆ ಅದು ನಿಶ್ಚಿತ ಆದಾಯವಾಯಿತು. ಇದು ಒಳ್ಳೆಯ ಮಾದರಿ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಆದರೆ ಗುತ್ತಿಗೆ ಕೊಡಲು ತುಂಡು ಭೂಮಿಯೂ ಇಲ್ಲದ ಕೂಲಿಯವರಿಗೆ ಏನು ಬಂತು? ಅವರು ಕಳೆ ಕೀಳುತ್ತಿದ್ದ ಹೊಲ ಹೋಯಿತು, ಅವರ ಮೇಕೆ ಮೇಯುತ್ತಿದ್ದ ಬದು ಹೋಯಿತು. ಅವರಲ್ಲಿ ಕೆಲವರಿಗಷ್ಟೇ ಫಲಕ ತೊಳೆಯುವ, ಹುಲ್ಲು ಸವರುವ, ಕಾವಲು ಕಾಯುವ ಕೆಲಸ ಸಿಕ್ಕಿತು.

ಹೀಗಾಗುವುದು ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ತು ಹುಟ್ಟಿದಾಗ ಅದು ಮೊದಲು ಹೋದದ್ದು ತೊಂಬತ್ತು ಮೈಲಿಗಿಂತಲೂ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ನಡುದಾರಿಯ ಹಳ್ಳಿಗಳು ತಲೆಯ ಮೇಲೆ ಹಾದುಹೋಗುವ ತಂತಿಯನ್ನು ನೋಡುತ್ತಾ ಇನ್ನೂ ಹಲವು ದಶಕ ಸೀಮೆಎಣ್ಣೆಯ ಬುಡ್ಡಿಯಲ್ಲೇ ಬಾಳಿದವು. ಶಕ್ತಿಯ ಮೂಲ ಎಷ್ಟೇ ಶುದ್ಧವಾಗಿರಲಿ, ಹಂಚಿಕೆ ಶುದ್ಧವಾಗದಿದ್ದರೆ ನ್ಯಾಯ ಅರ್ಧದಲ್ಲೇ ನಿಲ್ಲುತ್ತದೆ.

ಧರ್ಮಸಭೆಯ ದಾರಿ

ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ ‘ಲೌದಾತೋ ಸಿ’ ವಿಶ್ವಪತ್ರದ ತಿರುಳೂ ಇದೇ: ಭೂಮಿಯ ಕೂಗನ್ನು ಬಡವರ ಕೂಗಿನಿಂದ ಬೇರ್ಪಡಿಸಿ ಕೇಳಲಾಗದು. ಧರ್ಮಸಭೆ ಬರಿಯ ಉಪದೇಶಕ್ಕೆ ನಿಲ್ಲಲಿಲ್ಲ. ಜಗದ್ಗುರು ಹದಿನಾರನೆಯ ಬೆನೆಡಿಕ್ಟರ ಕಾಲದಲ್ಲಿ, 2008ರಲ್ಲಿ, ವ್ಯಾಟಿಕನ್ನಿನ ಆರನೆಯ ಪೌಲರ ಸಭಾಂಗಣದ ಚಾವಣಿಯ ಮೇಲೆ ಎರಡು ಸಾವಿರಕ್ಕೂ ಹೆಚ್ಚು ಸೌರಫಲಕಗಳು ಬಂದವು. 2024ರ ಜೂನ್‌ನಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ರೋಮಿನ ಹೊರವಲಯದ ಸಾಂತಾ ಮರಿಯಾ ದಿ ಗಲೇರಿಯಾ ಎಂಬಲ್ಲಿರುವ ವ್ಯಾಟಿಕನ್ನಿನ ಭೂಮಿಯಲ್ಲಿ ಸೌರವಿದ್ಯುತ್ ಸ್ಥಾವರಕ್ಕೆ ಆಜ್ಞೆ ಹೊರಡಿಸಿದರು. 2025ರ ಏಪ್ರಿಲ್‌ನಲ್ಲಿ ಅವರು ದೈವಾಧೀನರಾದ ಬಳಿಕ ಜಗದ್ಗುರು ಹದಿನಾಲ್ಕನೆಯ ಲಿಯೋರವರು ಅದನ್ನು ಮುಂದುವರಿಸಿದ್ದಾರೆ.

ಅಲ್ಲಿಯ ಒಂದು ವಿಶೇಷವನ್ನು ನಾವು ಗಮನಿಸಬೇಕು. ಆ ಸ್ಥಾವರವನ್ನು ಯೋಜಿಸಿರುವುದು ವ್ಯವಸಾಯದ ಜೊತೆಗೇ: ಮೇಲೆ ಫಲಕ, ಕೆಳಗೆ ಬೆಳೆ. ಭೂಮಿಗೆ ಬೇಲಿ ಹಾಕಿ ರೈತನನ್ನು ಹೊರಗಿಡುವ ಬದಲು ಬಿಸಿಲಿನಲ್ಲಿ ಅವನಿಗೂ ಪಾಲು ಕೊಡುವ ದಾರಿ ಇದು. ಸ್ವಲ್ಪ ಎತ್ತರದಲ್ಲಿ ನಿಲ್ಲಿಸಿದ ಫಲಕಗಳ ನೆರಳಿನಲ್ಲಿ ನೆಲದ ತೇವ ಬೇಗ ಆರುವುದಿಲ್ಲ, ಕುರಿಗಳು ಮೇಯಬಹುದು, ಹುಲ್ಲು ಸವರುವ ಖರ್ಚೂ ಉಳಿಯುತ್ತದೆ. ಕುರಿಗಳ ನಾಡಾದ ಚಳ್ಳಕೆರೆಗೆ ಇದಕ್ಕಿಂತ ಒಪ್ಪುವ ವಿಧಾನ ಬೇರೊಂದಿಲ್ಲ ಎಂದು ನನಗೆ ತೋರುತ್ತದೆ.

ನಮ್ಮ ಮನೆ, ನಮ್ಮ ಚಾವಣಿ

ದೊಡ್ಡವರ ಕೆಲಸ ದೊಡ್ಡವರಿಗಿರಲಿ. ನಮ್ಮ ಕುಟುಂಬಗಳು ಮಾಡಬಹುದಾದುದೂ ಇದೆ. ಮನೆಯ ಚಾವಣಿಯ ಮೇಲಿನ ಒಂದು ಕಿಲೋವ್ಯಾಟ್ ಸೌರಫಲಕ ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ ಇದಕ್ಕೆ ಗರಿಷ್ಠ 78,000 ರೂಪಾಯಿಯ ಸಹಾಯಧನವನ್ನು ನಿಗದಿಪಡಿಸಿತು. ಅರ್ಹ ಕುಟುಂಬಗಳು ಇದನ್ನು ವಿಚಾರಿಸಿ ನೋಡಬೇಕು. ನೇಕಾರನ ಮಗ್ಗದ ಮೇಲೆ ಕರೆಂಟು ಹೋದರೂ ಆರದ ಎರಡು ದೀಪ, ಒಂದು ಸಣ್ಣ ಫಲಕದಿಂದ ಸಾಧ್ಯ. ಫೀಡರುಗಳನ್ನು ಸೌರವಿದ್ಯುತ್ತಿಗೆ ಜೋಡಿಸುವ ಕುಸುಮ್ ಯೋಜನೆ ಸರಿಯಾಗಿ ನಡೆದರೆ ರೈತ ಹಗಲಿನಲ್ಲೇ ಪಂಪು ಹಾಕಬಹುದು. ತ್ರೀ ಫೇಸ್ ಕರೆಂಟಿಗಾಗಿ ನಡುರಾತ್ರಿ ಹಾವು ಚೇಳುಗಳ ನಡುವೆ ಹೊಲಕ್ಕೆ ಹೋಗುವ ಕಷ್ಟ ತಪ್ಪುತ್ತದೆ.

ಎಲ್ಲಕ್ಕಿಂತ ಅಗ್ಗದ ವಿದ್ಯುತ್ತು ಯಾವುದು ಗೊತ್ತೇ? ಬಳಸುವ ಅಗತ್ಯವೇ ಬೀಳದ ವಿದ್ಯುತ್ತು. ಇನ್ನೂರು ಚದರ ಮೀಟರಿನ ಒಂದು ದೇವಾಲಯದ ಚಾವಣಿಯ ಮೇಲೆ ವರ್ಷದಲ್ಲಿ 500 ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರ್ ನೀರು. ಅಷ್ಟನ್ನೇ ಸಾವಿರ ಅಡಿಯಿಂದ ಎತ್ತಬೇಕಾದರೆ ನೂರೈವತ್ತು ಯೂನಿಟ್ ಬೇಕು. ಅಂದಮೇಲೆ ಚಾವಣಿಯ ಮಳೆನೀರಿನ ತೊಟ್ಟಿಯೂ ಒಂದು ವಿದ್ಯುತ್ ಸ್ಥಾವರವೇ. ಹೂಳೆತ್ತಿದ ಕೆರೆಯೂ, ಕೃಷಿಹೊಂಡವೂ, ಕಡಿಮೆ ನೀರಿಗೆ ಬೆಳೆಯುವ ನವಣೆ, ಸಜ್ಜೆ, ರಾಗಿಗಳೂ ಹಾಗೆಯೇ. ಈ ಸೀಮೆಯ ಜನ ಭಕ್ತಿಯಿಂದ ನೆನೆಯುವ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದರೆಂದು ಹೇಳುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ಅಲ್ಲಿ ಮನೆಮನೆಯ ಮಾತಾಗಿದೆ. ದುಡಿದಷ್ಟೇ ಕೂಲಿ, ಕೊಟ್ಟಷ್ಟೇ ಪಡೆಯುವ ಹಕ್ಕು. ಭೂಮಿಗೂ ನಮಗೂ ನಡುವೆ ಇರಬೇಕಾದ ಒಪ್ಪಂದ ಇದೇ ಅಲ್ಲವೇ?

ಪ್ರಿಯ ಓದುಗರೇ, ಮುಂದಿನ ಸಲ ನಿಮ್ಮ ಧರ್ಮಕೇಂದ್ರದ ಪಾಲನಾ ಸಮಿತಿ ಸೇರಿದಾಗ ಎರಡು ಪ್ರಶ್ನೆಗಳನ್ನು ಮೇಜಿನ ಮೇಲಿಡಿ. ನಮ್ಮ ದೇವಾಲಯ, ಶಾಲೆ, ಮನೆಗಳ ಚಾವಣಿಯ ಮೇಲೆ ಬೀಳುವ ಬಿಸಿಲೂ ಮಳೆಯೂ ಎಲ್ಲಿ ಹೋಗುತ್ತಿವೆ? ಹಬ್ಬದ ರಾತ್ರಿ ನಾವು ಹಚ್ಚುವ ಸಾವಿರ ದೀಪಗಳಲ್ಲಿ ನಿಜವಾಗಿ ಬೇಕಾದವು ಎಷ್ಟು? ಉತ್ತರ ಹುಡುಕುವಾಗ, ಯಾವುದೋ ಬೆಟ್ಟದ ತಪ್ಪಲಿನಲ್ಲಿ ತಿರುಗುವ ರೆಕ್ಕೆಗಳ ಕೆಳಗೆ ಜಾಲಿಸೌದೆ ಹೊತ್ತು ಮನೆಗೆ ನಡೆಯುವ ತಾಯಿಯನ್ನೂ ಒಮ್ಮೆ ನೆನೆಯಿರಿ. ಗಾಳಿ ಅವಳದೂ ಹೌದು. ತೂರಿದ ರಾಶಿಯಲ್ಲಿ ಅವಳ ಪಾಲಿನ ಕಾಳು ಅವಳ ಮೊರಕ್ಕೆ ಬೀಳುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.